ಫೋಟೋಶೂಟ್‌ಗೆ ಐದು ಜೊತೆ ಹೊಸ ಬಟ್ಟೆ ಬೇಕೆ? ಚೌಕಳಿ ಸೀರೆ ಉಟ್ಟು ಕೆಟ್ಟವಳ ಉತ್ತರ

ನಿಮ್ಮ ವೃತ್ತಿಯ ಜಾಲತಾಣಕ್ಕಾಗಿ ಮುಂದಿನ ತಿಂಗಳು ಫೋಟೋ ತೆಗೆಸಲಿದ್ದೀರಿ, ಅದಕ್ಕೆ ಯಾವ ಬಣ್ಣದ ಐದು ಜೊತೆ ಹೊಸ ಉಡುಪು ಕೊಳ್ಳಬೇಕು ಎಂದು ಕೇಳಿದ್ದೀರಿ. ಒಂದನ್ನೂ ಕೊಳ್ಳಬೇಡಿ. ಆರು ವರ್ಷಗಳ ಹಿಂದೆ ಧಾರವಾಡದಲ್ಲಿ ಆರ್ಕಿಟೆಕ್ಟ್ ಆಗಿ ಸ್ವಂತ ಕಚೇರಿ ತೆರೆದಾಗ ನಾನೂ ಇಂಥದೇ ಪಟ್ಟಿ ಹಿಡಿದು ಅಂಗಡಿ ಸುತ್ತಿದ್ದೆ.

ಕೋಟು ತೊಟ್ಟು ನಿಲ್ಲುವುದು ನನಗೆ ಇಷ್ಟವಿರಲಿಲ್ಲ. ಈ ಕಡೆಯವಳೆಂದು ನೋಡಿದೊಡನೆ ತಿಳಿಯಲಿ ಎಂದು ಇಳಕಲ್ ಸೀರೆಯನ್ನು ಆರಿಸಿದೆ. ಆ ಆಯ್ಕೆಯನ್ನು ಇಂದಿಗೂ ತಪ್ಪೆನ್ನುವುದಿಲ್ಲ. ಎಡವಿದ್ದು ಸೀರೆಯ ಒಡಲಿನ ವಿಷಯದಲ್ಲಿ. ಕಡುನೀಲಿಯ ಮೇಲೆ ಬಿಳಿ ಎಳೆಗಳ ಚೌಕಳಿ, ಒಂದೊಂದು ಮನೆಯೂ ಸಾಸಿವೆ ಕಾಳಿನಷ್ಟು. ಅದಕ್ಕೆ ಜೊತೆಯಾಗಿ ಒತ್ತೊತ್ತಾದ ಸಣ್ಣ ವಿನ್ಯಾಸದ ಗುಳೇದಗುಡ್ಡ ಖಣದ ಕುಪ್ಪಸ. ಕನ್ನಡಿಯಲ್ಲಿ ಬಹಳ ಚೆನ್ನಾಗಿ ಕಂಡಿತು. ಹತ್ತು ದಿನಗಳ ನಂತರ ಫೋಟೋಗಳು ಕೈಸೇರಿದಾಗ ನನ್ನ ಸೀರೆಯ ಮೇಲೆ ನೀರಿನಲ್ಲಿ ಬಿದ್ದ ಎಣ್ಣೆಯಂತೆ ಹಸಿರು, ನೇರಳೆ, ಹಳದಿ ಅಲೆಗಳು ಹರಡಿಕೊಂಡಿದ್ದವು.

ಇದಕ್ಕೆ ಮೋರೆ ಎನ್ನುತ್ತಾರೆ. ನಮ್ಮ ಮುಖಕ್ಕೂ ಈ ಹೆಸರಿಗೂ ಸಂಬಂಧವಿಲ್ಲ, ಅದು ಫ್ರೆಂಚ್ ಪದ. ಸೊಳ್ಳೆಪರದೆಯನ್ನು ಎರಡು ಮಡಿಕೆ ಮಾಡಿ ಬೆಳಕಿಗೆ ಹಿಡಿದು ನೋಡಿ: ಪರದೆಯಲ್ಲಿ ಎಲ್ಲಿಯೂ ಇಲ್ಲದ ದೊಡ್ಡ ಅಲೆಗಳು ಕಾಣಿಸಿಕೊಳ್ಳುತ್ತವೆ. ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಸಂವೇದಕವೂ (ಸೆನ್ಸರ್) ಸಣ್ಣ ಬಿಂದುಗಳ ಒಂದು ಜಾಲರಿಯೇ. ಅದರ ಮೇಲೆ ಬೀಳುವ ಚಿತ್ರದಲ್ಲಿ ಬಟ್ಟೆಯ ಎಳೆಗಳ ನಡುವಿನ ಅಂತರವು ಆ ಜಾಲರಿಯ ಅಂತರಕ್ಕೆ ಹತ್ತಿರವಾದಾಗ ಎರಡೂ ಒಂದರ ಮೇಲೊಂದು ಬಿದ್ದು ಹೊಸ ಅಲೆಯನ್ನು ಹುಟ್ಟಿಸುತ್ತವೆ. ಸಾಮಾನ್ಯ ಸಂವೇದಕದಲ್ಲಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರನ್ನೂ ಒಂದು ಕೆಂಪನ್ನೂ ಒಂದು ನೀಲಿಯನ್ನೂ ಗ್ರಹಿಸುವುದರಿಂದ ಆ ಅಲೆಗಳಿಗೆ ಸುಳ್ಳು ಬಣ್ಣವೂ ಸೇರಿಕೊಳ್ಳುತ್ತದೆ. ಮಸೂರ ಸಣ್ಣ ವಿವರಗಳನ್ನು ಎಷ್ಟು ಸ್ಪಷ್ಟವಾಗಿ ಮೂಡಿಸುತ್ತದೆಯೋ ತೊಂದರೆ ಅಷ್ಟು ಹೆಚ್ಚು. ಇದನ್ನು ತಗ್ಗಿಸಲು ಸಂವೇದಕದ ಮುಂದೆ ಚಿತ್ರವನ್ನು ತುಸು ಮಸುಕುಗೊಳಿಸುವ ಶೋಧಕ (ಫಿಲ್ಟರ್) ಇಡುತ್ತಿದ್ದರು. ವಿವರ ಇನ್ನಷ್ಟು ಸ್ಪಷ್ಟವಾಗಲಿ ಎಂದು 2013ರ ನಿಕಾನ್ ಡಿ7100ರಂತಹ ಕ್ಯಾಮೆರಾಗಳಲ್ಲಿ ಅದನ್ನು ಕೈಬಿಟ್ಟರು.

ತೀರ ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಚೌಕಳಿ ಚೌಕಳಿಯಾಗಿಯೇ ಉಳಿದಿತ್ತು. ಸೊಂಟದವರೆಗಿನ ಚಿತ್ರಗಳೆಲ್ಲ ಹಾಳಾದವು. ಜಾಲತಾಣಕ್ಕೆ ಬೇಕಾಗಿದ್ದವು ಅವೇ. ಛಾಯಾಗ್ರಾಹಕರು ಎರಡು ಹೆಜ್ಜೆ ಮುಂದೆ ಬಂದಿದ್ದರೆ, ಇಲ್ಲವೇ ನಾನು ತುಸು ತಿರುಗಿ ನಿಂತಿದ್ದರೆ ಕೆಲವಾದರೂ ಉಳಿಯುತ್ತಿದ್ದವೇನೋ. ಆದರೆ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಅಲೆ ಕಂಡರೂ ಅದು ಪರದೆಯದೋ ಚಿತ್ರದ್ದೋ ಎಂದು ಹೇಳುವುದು ಕಷ್ಟ. ಅವರು ಗಣಕಯಂತ್ರದಲ್ಲಿ ಬಣ್ಣವನ್ನು ತೆಗೆದರು, ಬೂದು ಅಲೆಗಳು ಹಾಗೆಯೇ ಉಳಿದವು. ಅರ್ಧ ದಿನದ ಶುಲ್ಕ 18,000 ರೂಪಾಯಿಯನ್ನು ಎರಡನೆಯ ಸಲ ತೆತ್ತೆ.

ಆದ್ದರಿಂದ ಬಣ್ಣದ ಚಿಂತೆಗಿಂತ ಮೊದಲು ನೇಯ್ಗೆಯನ್ನು ನೋಡಿ. ಕಪಾಟಿನಲ್ಲಿರುವ, ನಾಲ್ಕು ಬಾರಿಯಾದರೂ ಉಟ್ಟ ಬಟ್ಟೆಯನ್ನು ಧರಿಸಿ ಕಿಟಕಿಯ ಬಳಿ ನಿಂತು, ನಾಲ್ಕು, ಆರು, ಹತ್ತು ಅಡಿ ದೂರದಿಂದ ಮನೆಯವರ ಕೈಯಲ್ಲಿ ಫೋಟೋ ತೆಗೆಸಿ, ಪರದೆಯಲ್ಲಿ ಹಿಗ್ಗಿಸಿಯೂ ಕುಗ್ಗಿಸಿಯೂ ಪರೀಕ್ಷಿಸಿ. ಫೋನಿನಲ್ಲಿ ಸರಿ ಕಂಡಿತೆಂದ ಮಾತ್ರಕ್ಕೆ ದೊಡ್ಡ ಕ್ಯಾಮೆರಾದಲ್ಲಿಯೂ ಸರಿ ಬರುತ್ತದೆ ಎಂದಲ್ಲ, ಆದರೆ ಫೋನಿನಲ್ಲಿಯೇ ಅಲೆ ಎದ್ದರೆ ಆ ಬಟ್ಟೆ ಬೇಡ. ಸಣ್ಣ ಗೀರು, ಸಣ್ಣ ಚೌಕಳಿಯ ಅಂಗಿಗಳನ್ನು ನಾನಾದರೆ ಪರೀಕ್ಷೆಗೂ ತೆಗೆದುಕೊಳ್ಳುವುದಿಲ್ಲ.

ಐದು ಜೊತೆಯ ಲೆಕ್ಕವೂ ನನಗೆ ಒಪ್ಪಿಗೆಯಿಲ್ಲ. ಸೀರೆ ಬದಲಿಸಿ ನೆರಿಗೆ ಹಿಡಿಯುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ, ಹೊರಗಿನ ಬೆಳಕೂ ಅಷ್ಟರಲ್ಲಿ ಬದಲಾಗಿರುತ್ತದೆ. ಎರಡು ಸಾಕು. ಲಿಂಕ್ಡ್‌ಇನ್‌ನಂಥ ವೃತ್ತಿಪರರ ತಾಣದ ದುಂಡು ಪ್ರೊಫೈಲ್ ಚಿತ್ರದಲ್ಲಿ ಮುಖ ಬಿಟ್ಟರೆ ಕಾಣುವುದು ಕೊರಳು ಮತ್ತು ಭುಜ. ಸೆರಗಿನ ತೆನಿ ವಿನ್ಯಾಸಕ್ಕೆ ಕೊಟ್ಟ ಹಣ ಅಲ್ಲಿ ಯಾರಿಗೂ ಕಾಣದು. ಕಣ್ಣು ಕುಕ್ಕುವ ಕೆಂಪು, ಕೇಸರಿಗಳು ಗಲ್ಲದ ಕೆಳಗೆ ತಮ್ಮ ಬಣ್ಣವನ್ನು ಎರಚುತ್ತವೆ ಎಂಬುದಷ್ಟನ್ನು ನೆನಪಿಡಿ. ಉಳಿದಂತೆ ಹಿನ್ನೆಲೆಯ ಗೋಡೆಯ ಬಣ್ಣವನ್ನು ಮೊದಲೇ ಕೇಳಿ, ಅದರಲ್ಲಿ ಕರಗಿಹೋಗದ ಬಣ್ಣವನ್ನು ಆರಿಸಿದರಾಯಿತು.

ಎರಡನೆಯ ಸಲ ನಾನು ಧರಿಸಿದ್ದು, ಕಟ್ಟಡದ ಕೆಲಸ ನೋಡಲು ವಾರಕ್ಕೆರಡು ಸಲ ತೊಡುತ್ತಿದ್ದ ಗೆರೆಯಿಲ್ಲದ ಇಟ್ಟಿಗೆ ಬಣ್ಣದ ಕೈಮಗ್ಗದ ಕುರ್ತಾ. ಅದರ ಜೇಬಿನಲ್ಲಿ ಅಳತೆಯ ಟೇಪು ಉಬ್ಬಿಕೊಂಡಿರುವುದು ಚಿತ್ರದಲ್ಲಿಯೂ ಕಾಣುತ್ತದೆ. ಛಾಯಾಗ್ರಾಹಕರು ಅದನ್ನು ಅಳಿಸಿಕೊಡುವೆನೆಂದರು, ಬೇಡವೆಂದೆ.