ಒಂದೇ ಹೆಸರಿನಡಿ ಎರಡು ಫೈಲ್: ಬೇಕೇ ಈ ವ್ಯವಸ್ಥೆ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಡಿಟಿಪಿ ಅಂಗಡಿ. ಕೊಬ್ಬರಿ ಮಂಡಿಯವರು ಕೊಟ್ಟ ಕೆಲವು ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕುವಾಗ 'ಪ್ರಾಪರ್ಟೀಸ್ ಇಲ್ಲದೆ ಕಾಪಿ ಮಾಡಲೇ?' ಎಂದು ವಿಂಡೋಸ್ ಕೇಳುತ್ತದೆ. 'ಯೆಸ್' ಒತ್ತಿದರೆ ಏನು ಹೋಗುತ್ತದೆ? ಕಣ್ಣಿಗೆ ಕಾಣದ ಇಂಥದ್ದು ಫೈಲ್ ಸಿಸ್ಟಂನಲ್ಲಿ ಇರಬೇಕಾದರೂ ಯಾಕೆ?

ಉತ್ತರ: ಹೋಗುವುದು ಲೆಕ್ಕದ ಹಾಳೆಯಲ್ಲ, ಹೆಚ್ಚಾಗಿ ಅದೇ ಹೆಸರಿನಡಿ ಕೂತಿರುವ ಇನ್ನೊಂದು ಸ್ಟ್ರೀಮ್, ಅಂದರೆ ಮುಖ್ಯ ಮಾಹಿತಿಯ ಜೊತೆ ಬೇರೆಯಾಗಿ ಇಟ್ಟ ಮಾಹಿತಿ. ನಿಮ್ಮ ಹಾರ್ಡ್‌ಡಿಸ್ಕಿನ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಪದ್ಧತಿ) ಅದಕ್ಕೆ ಜಾಗವಿದೆ, ಪೆನ್‌ಡ್ರೈವಿನ ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಲ್ಲಿ ಇಲ್ಲ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಇದು ಬಂದದ್ದಕ್ಕೆ ಒಂದು ಕಾರಣ, ಫೈಲನ್ನು ಎರಡು ಭಾಗವಾಗಿ ಇಡುತ್ತಿದ್ದ ಆಪಲ್‌ನ ಮ್ಯಾಕಿಂಟಾಷ್ (ಮ್ಯಾಕ್) ಕಂಪ್ಯೂಟರ್ ಜೊತೆ ಹೊಂದಿಕೊಳ್ಳುವುದು.

ಒತ್ತುವ ಮೊದಲು ನೋಡಿಬಿಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಆ ಫೋಲ್ಡರಿಗೆ ಹೋಗಿ 'ಡಿರ್ /ಆರ್' (dir /r) ಕೊಡಿ (ವಿಸ್ಟಾದಿಂದ ಈಚೆಗೆ ಎಲ್ಲದರಲ್ಲೂ ಇದೆ). ಫೈಲಿನ ಕೆಳಗೆ ಅದೇ ಹೆಸರು, ಕೋಲನ್, ಸ್ಟ್ರೀಮಿನ ಹೆಸರು, ಎಡಕ್ಕೆ ಬೈಟ್ ಲೆಕ್ಕ ಕಾಣುತ್ತದೆ. 'ಝೋನ್.ಐಡೆಂಟಿಫೈಯರ್' ಇದ್ದರೆ ಅದು ಇಂಟರ್‌ನೆಟ್‌ನಿಂದ ಇಳಿದ ಗುರುತು; ಒಳಗೆ 'ಝೋನ್ಐಡಿ=3' ಎಂಬ ಸಾಲಿರುತ್ತದೆ. ಇಳಿಸಿದ ಫೈಲನ್ನು ವರ್ಡ್ 'ಪ್ರೊಟೆಕ್ಟೆಡ್ ವ್ಯೂ'ನಲ್ಲಿ ತೆರೆಯುವುದು ಇದನ್ನು ನೋಡಿಯೇ. ಪೆನ್‌ಡ್ರೈವ್ ದಾಟಿದರೆ ಗುರುತೂ ಹೋಯಿತು, ಎಚ್ಚರಿಕೆಯೂ ಹೋಯಿತು.

ತೊಂದರೆ ಇರುವುದು ಇಲ್ಲೇ. ಎಕ್ಸ್‌ಪ್ಲೋರರ್ ತೋರಿಸುವ ಸೈಜು ಮುಖ್ಯ ಸ್ಟ್ರೀಮಿನದ್ದು ಮಾತ್ರ. 2 ಕೆಬಿ ಎನ್ನುವ ಫೈಲಿನ ಹಿಂದೆ 2 ಜಿಬಿ ಅಡಗಿದ್ದರೂ ಗೊತ್ತಾಗದು. ವೈರಸ್ ಬರೆಯುವವರಿಗೆ ಇದು ಹಳೆಯ ಅಡಗುತಾಣ. ಇಮೇಲ್, ಎಫ್‌ಟಿಪಿ, ಸಾಮಾನ್ಯ ಝಿಪ್, ಯಾವುದರಲ್ಲಿ ಕಳಿಸಿದರೂ ಸ್ಟ್ರೀಮ್ ಉದುರುತ್ತದೆ, ಅದೂ ಸದ್ದಿಲ್ಲದೆ. ಮೈಕ್ರೋಸಾಫ್ಟ್‌ಗೇ ಇದನ್ನು ಬಿಡಲಾಗಲಿಲ್ಲ: 2012ರ ತನ್ನ ಹೊಸ ಫೈಲ್ ಸಿಸ್ಟಂ ರೆಫ್ಸ್‌ನಲ್ಲಿ ಕೈಬಿಟ್ಟು, ಮರುವರ್ಷ 128 ಕೆಬಿ ಮಿತಿಯೊಂದಿಗೆ ವಾಪಸ್ ತಂದಿತು.

ನಮ್ಮ ಅಭಿಪ್ರಾಯದಲ್ಲಿ ಆ ಮಿತಿಯೇ ಸರಿ. ಲಿನಕ್ಸ್‌ನ ಫೈಲ್ ಸಿಸ್ಟಂ ಎಕ್ಸ್ಟ್4 ಇನ್ನೂ ಬಿಗಿ, ಒಂದು ಫೈಲಿನ ಹೆಚ್ಚುವರಿ ಗುರುತುಗಳಿಗೆ ಸಾಮಾನ್ಯವಾಗಿ 4 ಕೆಬಿ ಆಸುಪಾಸು. ಕಳೆದುಹೋದರೂ ಕೆಲಸ ನಿಲ್ಲದ ಚೀಟಿಯಂಥ ಮಾಹಿತಿಗೆ ಸ್ಟ್ರೀಮ್ ಇರಲಿ. ಮಂಡಿಯ ಬಾಕಿ ಲೆಕ್ಕವನ್ನೋ ಚಿತ್ರವನ್ನೋ ಅದರಲ್ಲಿ ಇಡುವ ಸಾಫ್ಟ್‌ವೇರ್ ಮಾತ್ರ ಬೇಡ.

ಗುರುತು ಉಳಿಯಲೇಬೇಕಿದ್ದರೆ ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಒಳಗಿರುವುದನ್ನು ಮೊದಲು ಬೇರೆಡೆ ತೆಗೆದಿಟ್ಟುಕೊಂಡು. ಆದರೆ ಹಳೆಯ ಟಿವಿ, ಕಾರಿನ ಸ್ಟೀರಿಯೋಗಳು ಆಮೇಲೆ ಅದನ್ನು ಓದದಿರಬಹುದು. ಡಿರ್ ಪಟ್ಟಿಯಲ್ಲಿ 'ಎಎಫ್‌ಪಿ_ಎಎಫ್‌ಪಿಇನ್ಫೋ' ಕಂಡರೆ ಮ್ಯಾಕ್‌ನಿಂದ ಬಂದದ್ದು, ಧೈರ್ಯವಾಗಿ 'ಯೆಸ್' ಒತ್ತಿ. ಪರಿಚಯವಿಲ್ಲದ ಹೆಸರು, ನೂರಾರು ಕೆಬಿ ಗಾತ್ರ ಕಂಡರೆ ಫೈಲ್ ತೆರೆಯದೆ ಮೊದಲು ಆಂಟಿವೈರಸ್‌ಗೆ ಕೊಡಿ.