ಪದರ ಬಿಡುವ ಮೇಣದಬತ್ತಿ

ಪ್ರಶ್ನೆ: 7 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದ ದುಂಡು ಅಚ್ಚಿನಲ್ಲಿ ಮೂರು ಬಣ್ಣದ ಮೇಣದಬತ್ತಿ ಮಾಡುತ್ತೇನೆ. ಡಿಸೆಂಬರಿನಲ್ಲಿ ಮಾಡಿದವು ಪದರದ ಗೆರೆಯಲ್ಲೇ ಕಳಚಿದವು. ಏಪ್ರಿಲಿನಲ್ಲಿ ಬಣ್ಣಗಳೇ ಕಲಸಿಹೋದವು. ತಪ್ಪು ಎಲ್ಲಿ?
– ಓದುಗರೊಬ್ಬರು, ವಿಜಯಪುರ

ಉತ್ತರ: ಎರಡೂ ಸಲ ತಪ್ಪಿದ್ದು ಕಾಯುವ ಹೊತ್ತು. ವಿಜಯಪುರದ ಚಳಿಗೂ ಬಿಸಿಲಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಗಡಿಯಾರ ಬಿಡಿ, ಬೆರಳಿನಿಂದ ನೋಡಿ. ಕೆಳಗಿನ ಪದರ ಒತ್ತಿದರೆ ರಬ್ಬರಿನಂತೆ ತಗ್ಗಬೇಕು, ಬೆಚ್ಚಗಿರಬೇಕು, ಬೆರಳಿಗೆ ಮಾತ್ರ ಅಂಟಬಾರದು. ಆಗಲೇ ಮುಂದಿನ ಬಣ್ಣವನ್ನು 75–80 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚಮಚದ ಬೆನ್ನ ಮೇಲೆ ನಿಧಾನ ಸುರಿಯಿರಿ. ಪೂರ್ತಿ ತಣಿದ ಪ್ಯಾರಾಫಿನ್ (ಮೇಣದಬತ್ತಿಯ ಸಾಮಾನ್ಯ ಮೇಣ) ಹೊಸ ಮೇಣದೊಂದಿಗೆ ಬೆಸೆಯುವುದಿಲ್ಲ. ತೆಳು ಕೆನೆಯಷ್ಟೇ ಕಟ್ಟಿದ್ದರೆ ಬಿಸಿ ಮೇಣ ಅದನ್ನು ಒಡೆದು ಒಳಗಿಳಿಯುತ್ತದೆ. ಈಗಾಗಲೇ ತಣಿದಿದ್ದರೆ ಹೇರ್ ಡ್ರೈಯರ್‌ನಿಂದ ಮೇಲ್ಮೈ ಮಿನುಗುವವರೆಗೆ ಕಾಯಿಸಿ, ಆಮೇಲೆ ಸುರಿಯಿರಿ. ಡಿಸೆಂಬರಿನಲ್ಲಿ ಅಚ್ಚಿಗೆ ದಪ್ಪ ಟವೆಲ್ ಸುತ್ತಿ, ಫ್ಯಾನ್ ಬೇಡ.

ನಿಮ್ಮ ಅಚ್ಚಿಗೆ ಒಟ್ಟು 410 ಗ್ರಾಂ ಸುಮಾರು ಬೇಕು, ಪದರಕ್ಕೆ 135ರಿಂದ 140. ಅದರಲ್ಲಿ ಹತ್ತನೇ ಒಂದು ಪಾಲು ಮೇಣವನ್ನು ಗಟ್ಟಿಮಾಡುವ ಸ್ಟಿಯರಿಕ್ ಆಸಿಡ್ ಇರಲಿ. ಬತ್ತಿಯ ಸುತ್ತ ಕುಳಿ ಬೀಳುವುದು ಸಹಜ, ತಣಿಯುವಾಗ ಮೇಣ ಕುಗ್ಗುತ್ತದೆ. ಕೆಳಪದರಗಳ ಕುಳಿಯನ್ನು ಮುಂದಿನ ಬಣ್ಣ ತುಂಬುತ್ತದೆ, ಹೊರಗೆ ಕಾಣದು. ಕೊನೆಯ ಪದರದ ಕುಳಿ ತುಂಬಲು ಮಾತ್ರ ಸ್ವಲ್ಪ ಮೇಣ ಉಳಿಸಿಕೊಳ್ಳಿ. ಮಕ್ಕಳ ಕ್ರೇಯಾನ್ ಹಾಕಲೇಬೇಡಿ, ಬತ್ತಿ ಕಟ್ಟಿ ಜ್ವಾಲೆ ಸಾಯುತ್ತದೆ. ಮೇಣದ ಬಣ್ಣವೇ ಬೇಕು. ಕರಗಿಸುವುದು ಬಿಸಿನೀರಿನ ಪಾತ್ರೆಯೊಳಗೆ, ನೇರ ಉರಿಯ ಮೇಲೆ ಎಂದಿಗೂ ಅಲ್ಲ.