ಎನ್-ಗೇಜ್ ಸೋತದ್ದು ಎಲ್ಲಿ?

ಕುಂದಾಪುರದ ಓದುಗರೊಬ್ಬರ ಪತ್ರ ಬಂದಿದೆ. ಪೂರ್ತಿ ಅಚ್ಚುಹಾಕಲು ಜಾಗವಿಲ್ಲ, ಸಾರ ಹೀಗಿದೆ: "ಹಳೆಯ ಮೊಬೈಲುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುತ್ತಾ ನೋಕಿಯಾದ ಆಟದ ಫೋನು ಎನ್-ಗೇಜನ್ನು ‘ನಗೆಪಾಟಲಾಗಿ ಸೋತ ಫೋನು’ ಎಂದು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. 2004ರಲ್ಲಿ ದುಬೈಯಲ್ಲಿದ್ದ ನನ್ನ ಭಾವ ಅದನ್ನು ತಂದುಕೊಟ್ಟಿದ್ದರು. ವರ್ಷಗಟ್ಟಲೆ ಬಳಸಿದ್ದೇನೆ, ಒಂದು ದಿನವೂ ಕೈಕೊಟ್ಟಿಲ್ಲ. ಇವತ್ತು ಎಲ್ಲರ ಜೇಬಿನಲ್ಲೂ ಇರುವುದು ಆಟವಾಡುವ ಫೋನೇ ತಾನೆ? ಕಾಲಕ್ಕಿಂತ ಮುಂದಿದ್ದದ್ದನ್ನು ಸೋತಿತು ಎನ್ನುವುದು ನ್ಯಾಯವೆ? ಇನ್ನೊಂದು ವಿಷಯ. ಈ ವರ್ಷ ಇಂಜಿನಿಯರಿಂಗ್ ಸೇರಿದ ಮಗ ‘ಗೇಮಿಂಗ್ ಫೋನೇ ಬೇಕು’ ಎಂದು ಹಟ ಹಿಡಿದಿದ್ದಾನೆ. ಕೊಡಿಸಬಹುದೆ? ಕೊನೆಯದಾಗಿ, ನನ್ನ ಹಳೇ ಸೆಟ್ಟಿಗೆ ಈಗ ಬ್ಯಾಟರಿ ಎಲ್ಲಾದರೂ ಸಿಗುತ್ತದೆಯೆ?"

ಮಾನ್ಯರೇ,

ಅರ್ಧ ಸಾಲಿನ ಬಗ್ಗೆ ನಿಮಗೆ ಬೇಸರವಾದದ್ದು ಸಹಜ. ಆದರೆ ‘ಕಾಲಕ್ಕಿಂತ ಮುಂದಿತ್ತು’ ಎಂಬ ನಿಮ್ಮ ಮಾತನ್ನು ಒಪ್ಪಲು ನನಗೆ ಮನಸ್ಸಿಲ್ಲ. ಸೋತ ಪ್ರತಿಯೊಂದು ಯಂತ್ರದ ಪರವಾಗಿಯೂ ಯಾರಾದರೂ ಒಬ್ಬರು ಇದೇ ವಾದ ಹೂಡುತ್ತಾರೆ. ಎನ್-ಗೇಜ್ 2003ರ ಅಕ್ಟೋಬರ್ 7ರಂದು ಮಾರುಕಟ್ಟೆಗೆ ಬಂತು. ಅದರ ಹೊಟ್ಟೆಯೊಳಗಿದ್ದದ್ದು 104 ಮೆಗಾಹರ್ಟ್ಸ್ ಪ್ರೊಸೆಸರ್, ಸಿಂಬಿಯನ್ ತಂತ್ರಾಂಶ, 176×208 ಪಿಕ್ಸೆಲ್‌ಗಳ, 4,096 ಬಣ್ಣಗಳ ಪರದೆ. ಹೆಚ್ಚುಕಡಿಮೆ ಇದೇ ಸರಕು ಅದಕ್ಕೂ ಮೊದಲೇ ನೋಕಿಯಾದ 7650, 3650 ಫೋನುಗಳಲ್ಲಿತ್ತು. ಅಂದರೆ ಒಳಗಿನದೆಲ್ಲ ಆ ಕಾಲದ್ದೇ. ಹೊಸದಾಗಿದ್ದದ್ದು ಮೈಕಟ್ಟು, ಎಡವಟ್ಟಾದದ್ದೂ ಅಲ್ಲೇ.

ಆಟ ಬದಲಾಯಿಸುವುದು ಹೇಗಿತ್ತೆಂದು ನಿಮಗೆ ನಾನು ಹೇಳಬೇಕಾಗಿಲ್ಲ, ಮಿಕ್ಕ ಓದುಗರಿಗಾಗಿ ಹೇಳುತ್ತೇನೆ. ಆಟಗಳು ಬರುತ್ತಿದ್ದದ್ದು ಎಂಎಂಸಿ ಎಂಬ ಪುಟ್ಟ ಮೆಮೊರಿ ಕಾರ್ಡಿನಲ್ಲಿ. ಆ ಕಾರ್ಡಿನ ಜಾಗ ಬ್ಯಾಟರಿಯ ಕೆಳಗೆ! ಒಂದು ಆಟ ಬಿಟ್ಟು ಇನ್ನೊಂದು ಆಡಬೇಕೆಂದರೆ ಫೋನ್ ಆಫ್ ಮಾಡಿ, ಹಿಂದಿನ ಮುಚ್ಚಳ ಕಳಚಿ, ಬ್ಯಾಟರಿ ಎತ್ತಿ, ಕಾರ್ಡ್ ಬದಲಿಸಿ, ಎಲ್ಲವನ್ನೂ ಮತ್ತೆ ಜೋಡಿಸಿ, ಫೋನ್ ಎದ್ದೇಳುವವರೆಗೆ ಕಾಯಬೇಕು. ಅಷ್ಟರಲ್ಲಿ ಮನೆಯಿಂದ ಕರೆ ಬಂದರೆ ‘ಸ್ವಿಚ್ ಆಫ್’. ಆಟದ ಯಂತ್ರವಾಗಿ ಇದು ಕಿರಿಕಿರಿ, ಫೋನಾಗಿ ಅಪರಾಧ. ಅದೇ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಎಂಬ ಕೈಯಲ್ಲಿ ಹಿಡಿದಾಡುವ ಆಟದ ಯಂತ್ರ 99 ಡಾಲರಿಗೆ ಸಿಗುತ್ತಿತ್ತು. ಅದರಲ್ಲಿ ಕಾರ್ಟ್ರಿಜ್ ಎಳೆದು ಇನ್ನೊಂದು ತುರುಕಿದರೆ ಮುಗಿಯಿತು. ಎನ್-ಗೇಜಿನ ಬೆಲೆ 299 ಡಾಲರ್.

ಇನ್ನು ಆ ಪ್ರಸಿದ್ಧ ನಗೆಪಾಟಲಿನ ಕಥೆ. ನಡುವೆ ಪರದೆ, ಎಡಕ್ಕೆ ದಿಕ್ಕಿನ ಬಟನ್, ಬಲಕ್ಕೆ ಅಂಕಿಗಳು. ಮುಖವೆಲ್ಲ ಭರ್ತಿಯಾದ ಮೇಲೆ ಕಿವಿಗೆ ಹಿಡಿಯುವ ಸ್ಪೀಕರಿಗೂ ಮೈಕಿಗೂ ಜಾಗ ಎಲ್ಲಿ? ಎರಡನ್ನೂ ಫೋನಿನ ಅಂಚಿಗೆ ತಳ್ಳಿದರು. ಮಾತಾಡಬೇಕೆಂದರೆ ಫೋನನ್ನು ಅಡ್ಡ ತಿರುಗಿಸಿ, ಅಂಚನ್ನು ಕೆನ್ನೆಗೆ ಒತ್ತಿ ಹಿಡಿಯಬೇಕಾಯಿತು. ಅಮೆರಿಕದವರು ಅದಕ್ಕೆ ಟ್ಯಾಕೊ (ಪಲ್ಯ ತುಂಬಿ ಮಡಚಿದ ಮೆಕ್ಸಿಕೊದ ರೊಟ್ಟಿ) ಎಂದು ಹೆಸರಿಟ್ಟರು. ನಮ್ಮವರು ನೋಡಿದ್ದರೆ ಕರ್ಜಿಕಾಯಿ ಎನ್ನುತ್ತಿದ್ದರೇನೋ. ಸಿಕ್ಕಸಿಕ್ಕ ಸಾಮಾನುಗಳನ್ನು ಅಡ್ಡಡ್ಡ ಕಿವಿಗೆ ಹಿಡಿದು ಫೋಟೊ ತೆಗೆಸಿಕೊಂಡು ಇಂಟರ್‌ನೆಟ್ಟಿಗೆ ಹಾಕುವುದೇ ಕೆಲವರಿಗೆ ಆಟವಾಯಿತು. ಎನ್-ಗೇಜಿನ ಆಟಗಳಿಗಿಂತ ಈ ಆಟವೇ ಹೆಚ್ಚು ಜನಪ್ರಿಯವಾಯಿತು ಎಂದು ಕುಹಕಿಗಳು ಹೇಳಿಯಾರು.

ಪರದೆಯದ್ದು ಇನ್ನೊಂದು ವಿಚಿತ್ರ. ಫೋನು ಅಡ್ಡಕ್ಕೆ ಅಗಲ, ಪರದೆ ಮಾತ್ರ ಉದ್ದುದ್ದ. ಎಡದಿಂದ ಬಲಕ್ಕೆ ಓಡುವ ಆಟದಲ್ಲಿ ಮುಂದೇನು ಬರುತ್ತದೆ ಎಂಬುದು ಆಡುವವನಿಗೆ ಬೇಗ ಕಾಣಬೇಕು. ಸಾನಿಕ್ ಎಂಬ ನೀಲಿ ಮುಳ್ಳುಹಂದಿ ಓಡುವ ವೇಗಕ್ಕೆ ಇಲ್ಲಿ ಕಣ್ಣಿಗೆ ಸಿಗುತ್ತಿದ್ದದ್ದು ಕಿರಿದಾದ ಕಿಟಕಿ.

ನೋಕಿಯಾದವರು ದಡ್ಡರಲ್ಲ. ಆರೇ ತಿಂಗಳಲ್ಲಿ, 2004ರ ಏಪ್ರಿಲಿನಲ್ಲಿ, ಎನ್-ಗೇಜ್ ಕ್ಯೂಡಿ ಎಂಬ ತಿದ್ದಿದ ಮಾದರಿ ಘೋಷಿಸಿದರು. ಕಾರ್ಡನ್ನು ಹೊರಗಿನಿಂದಲೇ ಹಾಕಬಹುದಿತ್ತು, ಎಲ್ಲ ಫೋನುಗಳಂತೆ ನೇರವಾಗಿ ಕಿವಿಗೆ ಹಿಡಿಯಬಹುದಿತ್ತು. ಆದರೆ ಬೆಲೆ ಇಳಿಸುವ ಭರದಲ್ಲಿ ಎಂಪಿ3 ಪ್ಲೇಯರನ್ನೂ ಎಫ್‌ಎಂ ರೇಡಿಯೊವನ್ನೂ ಕಿತ್ತುಹಾಕಿದರು. ನಿಮ್ಮ ಭಾವ ಹಳೆಯ ಮಾದರಿಯನ್ನೇ ತಂದರೆಂದು ಪತ್ರದಿಂದ ತಿಳಿಯುತ್ತದೆ. ಹಾಡು ಕೇಳುವವರಿಗೆ ಅದೇ ವಾಸಿ. ಮೂರು ವರ್ಷದಲ್ಲಿ 60 ಲಕ್ಷ ಮಾರುವುದು ನೋಕಿಯಾದ ಲೆಕ್ಕಾಚಾರವಾಗಿತ್ತು. ಒಟ್ಟು ಮಾರಾಟ 30 ಲಕ್ಷದ ಆಸುಪಾಸಿಗೆ ನಿಂತಿತು. 2004ರ ಕೊನೆಗೆ ಬಂದ ನಿಂಟೆಂಡೊ ಡಿಎಸ್ ತನ್ನ ಆಯುಷ್ಯದಲ್ಲಿ 15 ಕೋಟಿ ದಾಟಿತು. ಇದನ್ನು ಸೋಲು ಎನ್ನದೆ ಬೇರೆ ಏನೆನ್ನಲಿ?

ಆದರೂ ಕರ್ಜಿಕಾಯಿ ಆಕಾರದಿಂದ ಎನ್-ಗೇಜ್ ಸೋತಿತು ಎಂದು ಬರೆದು ಕೈತೊಳೆದುಕೊಳ್ಳುವವರ ಜೊತೆ ನಾನಿಲ್ಲ. ಆಕಾರವನ್ನು ಕ್ಯೂಡಿಯಲ್ಲಿ ಸರಿಮಾಡಿದರಲ್ಲ, ಆಗಲೂ ಗೆಲ್ಲಲಿಲ್ಲ ಏಕೆ? ಆಟದ ಯಂತ್ರವನ್ನು ಜನ ಕೊಳ್ಳುವುದು ಆಟಕ್ಕಾಗಿ. ಆ ಆಟ ಎಷ್ಟು ಸುಲಭವಾಗಿ, ಎಷ್ಟು ದುಡ್ಡಿಗೆ ಕೈಗೆ ಬರುತ್ತದೆ ಎಂಬುದರ ಮೇಲೆ ಮಿಕ್ಕದ್ದೆಲ್ಲ ನಿಂತಿದೆ. ಇದನ್ನು ನೋಕಿಯಾಕ್ಕೆ ಹೊರಗಿನವರು ಕಲಿಸಬೇಕಾಗಿರಲಿಲ್ಲ. 1997ರಲ್ಲಿ 6110 ಫೋನಿಗೆ ಟನೆಲಿ ಅರ್ಮಾಂಟೊ ಎಂಬ ಅವರದ್ದೇ ಇಂಜಿನಿಯರ್ ಹಾವಿನ ಆಟ ಬರೆದು ಸೇರಿಸಿದ್ದರು. ಎರಡು ಫೋನುಗಳನ್ನು ಎದುರುಬದುರು ಹಿಡಿದು ಇನ್‌ಫ್ರಾರೆಡ್ ಮೂಲಕ ಇಬ್ಬರು ಆಡುವ ವ್ಯವಸ್ಥೆಯೂ ಅದರಲ್ಲಿತ್ತು. ಎನ್-ಗೇಜ್ ಬಂದ 2003ರಲ್ಲೇ, ಟಾರ್ಚ್ ಇದ್ದ, ಧೂಳಿಗೆ ಜಗ್ಗದ 1100 ಕೂಡ ಬಂತು. ನಮ್ಮ ಹಳ್ಳಿಹಳ್ಳಿಯಲ್ಲೂ ಇದ್ದ ಆ ಫೋನು ಜಗತ್ತಿನಾದ್ಯಂತ 25 ಕೋಟಿಗೂ ಮೀರಿ ಮಾರಾಟವಾಯಿತು. ಅದರೊಳಗೂ ಹಾವಿನ ಆಟವಿತ್ತು, ಬಿಟ್ಟಿಯಾಗಿ. ಆಟವಾಡುವ ಫೋನನ್ನು ಕೋಟಿಗಟ್ಟಲೆ ಮಾರುತ್ತಿದ್ದ ಕಂಪನಿಯೇ ‘ಆಟದ ಫೋನು’ ಮಾಡಹೊರಟು ಎಡವಿತು.

ಎನ್-ಗೇಜಿನ ಆಟಗಳೆಲ್ಲ ಸೇರಿದರೆ ಅರವತ್ತನ್ನೂ ಮುಟ್ಟಲಿಲ್ಲ. ಮೊದಲು ಬಂದವುಗಳಲ್ಲಿ ಬಹುಪಾಲು ಬೇರೆ ಯಂತ್ರಗಳಲ್ಲಿ ಆಗಲೇ ಆಡಿ ಮುಗಿಸಿದ್ದ ಟೂಂಬ್ ರೈಡರಿನಂಥವು. ಇದಕ್ಕೆಂದೇ ಮಾಡಿದ ಒಳ್ಳೆಯ ಆಟಗಳು, ಫಿನ್‌ಲೆಂಡಿನಲ್ಲೇ ತಯಾರಾದ ‘ಪಾಥ್‌ವೇ ಟು ಗ್ಲೋರಿ’, ದೂರದವರೊಡನೆ ನೆಟ್‌ವರ್ಕ್ ಮೂಲಕ ಆಡುವ ‘ಪಾಕೆಟ್ ಕಿಂಗ್‌ಡಮ್’, ಬಂದದ್ದು 2004ರಲ್ಲಿ. ಅಷ್ಟರಲ್ಲಿ ಜನ ನಕ್ಕು ಮುಂದೆ ಹೋಗಿದ್ದರು. ‘ಪಾಕೆಟ್ ಕಿಂಗ್‌ಡಮ್’ ಕಲ್ಪನೆ ನನಗೆ ಈಗಲೂ ಇಷ್ಟ. ಆದರೆ ಅದು ಓಡಬೇಕಾಗಿದ್ದದ್ದು ಜಿಪಿಆರ್‌ಎಸ್ ಎಂಬ ಆ ಕಾಲದ ನಿಧಾನಗತಿಯ ಮೊಬೈಲ್ ಇಂಟರ್‌ನೆಟ್ ಮೇಲೆ. ನಮ್ಮಲ್ಲಿ ವರ್ಷಗಟ್ಟಲೆ ಚಾಲ್ತಿಯಲ್ಲಿದ್ದ ಹತ್ತು ಕೆಬಿಗೆ ಹತ್ತು ಪೈಸೆ ದರ ನೆನಪಿರಬೇಕಲ್ಲ, ಅಂದರೆ ಒಂದು ಎಂಬಿಗೆ ಹತ್ತು ರೂಪಾಯಿ. ಆ ಲೆಕ್ಕದಲ್ಲಿ ಯಾರು ಆನ್‌ಲೈನ್ ಆಟ ಆಡಿಯಾರು?

ಕಥೆಯ ಎರಡನೇ ಭಾಗ ಇನ್ನೂ ಸ್ವಾರಸ್ಯವಾಗಿದೆ. ಕಾರ್ಡು ಬೇಡ, ಪ್ರತ್ಯೇಕ ಫೋನೂ ಬೇಡ, ನಮ್ಮ ಒಳ್ಳೆಯ ಫೋನುಗಳಿಗೆಲ್ಲ ಆಟವನ್ನು ಡೌನ್‌ಲೋಡ್ ಮಾಡಿಸೋಣ ಎಂಬ ತೀರ್ಮಾನಕ್ಕೆ ನೋಕಿಯಾ ಬಂತು. ಎನ್-ಗೇಜ್ ಎಂಬ ಹೆಸರನ್ನೇ ಉಳಿಸಿಕೊಂಡು 2008ರ ಏಪ್ರಿಲಿನಲ್ಲಿ ಎನ್81, ಎನ್82ರಂಥ ಫೋನುಗಳಿಗೆ ಆ ಸೇವೆ ತೆರೆದರು. ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದದ್ದು ಅದೇ ವರ್ಷ ಜುಲೈ 10ರಂದು. ಮೂರು ತಿಂಗಳ ಮುನ್ನಡೆ! ಸರಿಯಾದ ದಾರಿ ಹಿಡಿದಿದ್ದರು, ಗೇಟು ಮಾತ್ರ ಪೂರ್ತಿ ತೆರೆಯಲಿಲ್ಲ: ಆಟ ಪ್ರಕಟಿಸುವ ಹಕ್ಕು ಬೆರಳೆಣಿಕೆಯ ದೊಡ್ಡವರ ಕೈಯಲ್ಲೇ ಉಳಿಯಿತು. ಆ್ಯಪಲ್ ಕಡೆ ಮನೆಯಲ್ಲಿ ಕೂತ ಇಬ್ಬರು ಹುಡುಗರೂ ಆಟ ಮಾಡಿ ಮಾರಬಹುದಿತ್ತು. 2009ರ ಅಕ್ಟೋಬರ್ ಕೊನೆಗೆ ನೋಕಿಯಾ ತನ್ನ ಸೇವೆ ಮುಚ್ಚುವುದಾಗಿ ಸಾರಿತು. ಡಿಸೆಂಬರಿನಲ್ಲಿ ಐಫೋನಿಗೆ ಆ್ಯಂಗ್ರಿ ಬರ್ಡ್ಸ್ ಬಂತು. ಅದನ್ನು ಮಾಡಿದ ರೋವಿಯೊ ಕಂಪನಿ ಇರುವುದು ಎಸ್ಪೊದಲ್ಲಿ, ನೋಕಿಯಾದ ಮುಖ್ಯ ಕಚೇರಿ ಇರುವ ಊರಿನಲ್ಲೇ. ಅದರ ಸ್ಥಾಪಕರು 2003ರಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಗೆದ್ದ ಮೊಬೈಲ್ ಆಟದ ಸ್ಪರ್ಧೆಯ ಪ್ರಾಯೋಜಕರಲ್ಲಿ ನೋಕಿಯಾವೂ ಒಂದು!

ಮಗನ ಫೋನಿನ ವಿಷಯಕ್ಕೆ ಬರುವ ಮೊದಲು ಸೋನಿ ಎರಿಕ್ಸನ್‌ನವರ ಎಕ್ಸ್‌ಪೀರಿಯಾ ಪ್ಲೇ ಬಗ್ಗೆ ಎರಡು ಮಾತು. 2011ರಲ್ಲಿ ಬಂದ ಆ ಆಂಡ್ರಾಯ್ಡ್ ಫೋನಿನ ಪರದೆಯನ್ನು ಜಾರಿಸಿದರೆ ಕೆಳಗೆ ಪ್ಲೇಸ್ಟೇಷನ್ ಮಾದರಿಯ ಬಟನ್‌ಗಳು. ಎನ್-ಗೇಜಿನ ಮೈಕಟ್ಟಿನ ಒಂದು ತಪ್ಪೂ ಅದರಲ್ಲಿರಲಿಲ್ಲ, ಆದರೆ ಆ ಬಟನ್‌ಗಳಿಗೆಂದೇ ಮಾಡಿದ ಆಟಗಳೂ ಸಾಕಷ್ಟು ಇರಲಿಲ್ಲ. ಆಂಡ್ರಾಯ್ಡ್ 4.0 ಎಂಬ ಹೊಸ ಆವೃತ್ತಿಯ ಅಪ್‌ಡೇಟ್ ಅದಕ್ಕೆ ಕೊನೆಗೂ ಸಿಗಲಿಲ್ಲ. ಈ ಕೊನೆಯ ವಾಕ್ಯವನ್ನು ಮಗನಿಗೆ ತೋರಿಸಿ: ‘ಗೇಮಿಂಗ್’ ಎಂಬ ಚೀಟಿ ಅಂಟಿದ ಫೋನಿಗೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಮೊದಲು ಕೇಳಬೇಕು.

ಆಮೇಲೆ ಕೇಳಬೇಕಾದದ್ದು ಬಿಸಿಯ ಬಗ್ಗೆ. ಅಂಗಡಿಯಲ್ಲಿ ಐದು ನಿಮಿಷ ಆಡಿ ನೋಡಿದರೆ ಎಲ್ಲ ಫೋನೂ ಚೆನ್ನ. ಆಟ ಮುಂದುವರಿದಂತೆ ಪ್ರೊಸೆಸರ್ ಬಿಸಿಯಾಗುತ್ತದೆ. ಕಂಪ್ಯೂಟರಿನಂತೆ ಫ್ಯಾನ್ ಇಲ್ಲದ್ದರಿಂದ ಆ ಬಿಸಿ ಹೋಗಬೇಕಾದದ್ದು ಫೋನಿನ ಬೆನ್ನಿನ ಮೂಲಕ, ಅಂದರೆ ಆಡುವವನ ಅಂಗೈಗೆ. ಒಂದು ಮಟ್ಟ ಮೀರಿದರೆ ಫೋನು ತಾನಾಗಿ ತನ್ನ ವೇಗ ಇಳಿಸಿಕೊಳ್ಳುತ್ತದೆ. ಅರ್ಧ ಗಂಟೆಯ ನಂತರ ಆಟ ತಡವರಿಸಲು ಮುಖ್ಯ ಕಾರಣ ಇದು. ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಪರದೆ ಇದ್ದರೂ ಒಳಗಿನ ಪ್ರೊಸೆಸರ್ 40 ಚಿತ್ರವಷ್ಟೇ ಒದಗಿಸುತ್ತಿದ್ದರೆ ಕಾಣುವುದು ಆ 40 ಮಾತ್ರ. ನಿಜವಾದ ಗೇಮಿಂಗ್ ಫೋನುಗಳು ದುಡ್ಡು ಸುರಿಯುವುದು ಈ ಬಿಸಿ ಇಳಿಸಲು. 2018ರ ಆಸುಸ್ ಆರ್‌ಒಜಿ ಫೋನಿಗೆ ಹಿಂದೆ ಸಿಕ್ಕಿಸುವ ಫ್ಯಾನ್ ಇತ್ತು, ತೋರುಬೆರಳಿಗೆ ಅಂಚಿನಲ್ಲಿ ಒತ್ತುಜಾಗವಿತ್ತು. ಭಾರತದಲ್ಲಿ ಬೆಲೆ 69,999 ರೂಪಾಯಿ. ಮರುವರ್ಷ ನೂಬಿಯಾದ ರೆಡ್ ಮ್ಯಾಜಿಕ್ 3 ಒಳಗೇ ಫ್ಯಾನ್ ಇಟ್ಟುಕೊಂಡು ಬಂತು. ಇಂಥವು ತೂಕ ಹೆಚ್ಚು, ಕ್ಯಾಮೆರಾ ಸಾಮಾನ್ಯವಾಗಿ ಸುಮಾರು, ಸರ್ವಿಸ್ ಸೆಂಟರ್ ಎಲ್ಲ ಊರಲ್ಲೂ ಇರುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಫ್ಯಾನಿನ ಉಪಯೋಗ ನಿಮ್ಮ ಮಗನಿಗೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಆಗಬಹುದು, ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಅವನು ಯಾವ ಆಟಕ್ಕಾಗಿ ಕೇಳುತ್ತಿದ್ದಾನೆ? ಬಿಜಿಎಂಐ (ಪಬ್‌ಜಿ ಎಂಬ ಗುಂಡಿನ ಕಾಳಗದ ಆಟದ ಭಾರತೀಯ ರೂಪ) ಆದರೆ ಅದರ ಚರಿತ್ರೆ ಅವನಿಗೆ ಬಾಯಿಪಾಠ ಇರುತ್ತದೆ: 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧ, 2021ರ ಜುಲೈಯಲ್ಲಿ ಬಿಜಿಎಂಐ ಹೆಸರಲ್ಲಿ ಮರಳಿಕೆ, 2022ರ ಜುಲೈಯಲ್ಲಿ ಮತ್ತೆ ಮಾಯ, 2023ರ ಮೇ ತಿಂಗಳಲ್ಲಿ ಮತ್ತೆ ಹಾಜರು. ಒಂದೇ ಆಟ ನಂಬಿ ಎಪ್ಪತ್ತು ಸಾವಿರ ಸುರಿದವರು ಆ ಹತ್ತು ತಿಂಗಳು ಏನು ಮಾಡಿದರೋ. ಆ ಆಟದಲ್ಲಿ ಪಳಗಿದ ಹುಡುಗರು ಸಾಧಾರಣ ಫೋನಿನಲ್ಲೇ ಎರಡು ಹೆಬ್ಬೆರಳು, ಎರಡು ತೋರುಬೆರಳು ಸೇರಿಸಿ ನಾಲ್ಕು ಬೆರಳಲ್ಲಿ ಆಡುತ್ತಾರೆ. ಬೆವರಿಗೆ ಬೆರಳು ಜಾರದಂತೆ ಪುಟ್ಟ ಬಟ್ಟೆಯ ಕವಚ ತೊಡುತ್ತಾರೆ. ಬಟನ್ ಬೇಕೇ ಬೇಕು ಎನ್ನುವವರಿಗೆ ಫೋನನ್ನು ನಡುವೆ ಸಿಕ್ಕಿಸಿಕೊಳ್ಳುವ ಕಂಟ್ರೋಲರುಗಳಿವೆ. ಆದರೆ ಎಲ್ಲ ಆಟಗಳೂ ಅವನ್ನು ಒಪ್ಪುವುದಿಲ್ಲ, ಕೊಳ್ಳುವ ಮೊದಲು ವಿಚಾರಿಸಲಿ. ನನ್ನ ಸಲಹೆ: ಒಳ್ಳೆಯ ಪ್ರೊಸೆಸರ್, ದೊಡ್ಡ ಬ್ಯಾಟರಿ, ಹತ್ತಿರದಲ್ಲೇ ಸರ್ವಿಸ್ ಇರುವ ಮಾಮೂಲಿ ಫೋನು ಕೊಡಿಸಿ. ಉಳಿದ ದುಡ್ಡು ಲ್ಯಾಪ್‌ಟಾಪಿಗೆ ಸೇರಲಿ, ಇಂಜಿನಿಯರಿಂಗ್‌ಗೆ ಅದು ಬೇಕೇ ಬೇಕಾಗುತ್ತದೆ. ಅದರಲ್ಲೂ ಆಟ ಆಡುತ್ತಾನೆ, ಆ ಮಾತು ಬೇರೆ.

ಇನ್ನು ಬ್ಯಾಟರಿ. ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಮೊದಲ ಎನ್-ಗೇಜ್ ಬಳಸುತ್ತಿದ್ದದ್ದು ಬಿಎಲ್-5ಸಿ, 1100ರಲ್ಲಿ ಇದ್ದದ್ದೇ. ಇವತ್ತಿಗೂ ಚಿಕ್ಕ ರೇಡಿಯೊ, ಸ್ಪೀಕರುಗಳಲ್ಲಿ ಅದೇ ಅಳತೆಯ ಬ್ಯಾಟರಿ ಬರುತ್ತದೆ, ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಪೆಟ್ಟಿಗೆಯಲ್ಲಿರುವ ಹಳೆಯದು ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ. 2007ರ ಆಗಸ್ಟಿನಲ್ಲಿ ಇದೇ ಬಿಎಲ್-5ಸಿಯ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದೆಂದು ನೋಕಿಯಾ ಎಚ್ಚರಿಸಿ, ಬೇಕಾದವರಿಗೆ ಬದಲಿಸಿಕೊಟ್ಟಿತ್ತು. ಕಾರ್ಡ್ ಕಳೆದಿದ್ದರೆ ಎಂಎಂಸಿಯನ್ನೇ ಹುಡುಕಬೇಕು. ಎಸ್‌ಡಿ ಕಾರ್ಡ್ ನೋಡಲು ಅದರಂತೆಯೇ ಇದ್ದರೂ ದಪ್ಪ ಹೆಚ್ಚು, ಒತ್ತಿ ತುರುಕಲು ಹೋಗಬೇಡಿ. ಕರೆ ಮಾಡಿ ನೋಡುವ ಆಸೆಯಿದ್ದರೆ 2ಜಿ ಇನ್ನೂ ಇಟ್ಟುಕೊಂಡಿರುವ ಕಂಪನಿಯ ಸಿಮ್ ಹಾಕಿ. ಜಿಯೊದ್ದು ನಡೆಯುವುದಿಲ್ಲ.

— ಸಂಪಾದಕ